ಸೊಟ್ಟ ಹೆಬ್ಬೆರಳು

ಸೊಟ್ಟಯ್ಯನ ಫಜೀತಿಗೆಲ್ಲ ಕಾರಣ ಅವನ ಬಲಗೈಯ ಸೊಟ್ಟ ಹೆಬ್ಬೆರಳು. ತಿಜೋರಿ ತೆಗೆಯುವ ಕಸುಬು ಬಿಟ್ಟು ಎಷ್ಟೋ ವರ್ಷವಾಗಿತ್ತು. ಮುದಿ ಕಳ್ಳನೊಬ್ಬನ ಮೇಲೆ ಸಿನಿಮಾ ಮಾಡುತ್ತಿದ್ದವರು ಅದು ಹೇಗೋ ಅವನನ್ನು ಪತ್ತೆಹಚ್ಚಿ, ತಿಜೋರಿಯ ದೃಶ್ಯಕ್ಕೆ ಅವನ ಕೈಯನ್ನಷ್ಟೇ ಚಿತ್ರೀಕರಿಸಿಕೊಂಡು ಹೋಗಿದ್ದರು. ಮುಖ ಬೇಡವಂತೆ, ಅದರಲ್ಲಿ ಕಳ್ಳನ ಕಳೆಯೇ ಇಲ್ಲವಂತೆ!

ಈಗ ಮಗಳ ಮದುವೆ ಗೊತ್ತಾಗಿತ್ತು. ಸೊಟ್ಟಯ್ಯ ರಾತ್ರಿ ಪಾಳಿಯ ಕಾವಲುಗಾರನಾಗಿದ್ದನೆಂದೇ ಬೀಗರು ನಂಬಿದ್ದರು. ಅವರೋ ಬ್ಯಾಂಕಿನಿಂದ ನಿವೃತ್ತರಾದ ಮರ್ಯಾದಸ್ಥರು, ಚರ್ಮದ ಪೆಟ್ಟಿಗೆಯಿಲ್ಲದೆ ಹೊರಗೆ ಕಾಲಿಡದವರು. ಇವತ್ತು ಬೆಳಗ್ಗೆಯೇ ಬಂದು, ಅದೇ ಸಿನಿಮಾಕ್ಕೆ ಹೋಗೋಣವೆಂದು ಹಟ ಹಿಡಿದರು. ಆಮೇಲೆ ಅಕ್ಕಸಾಲಿಯ ಅಂಗಡಿಯಲ್ಲಿ ಏನೋ ಕೆಲಸವಿತ್ತಂತೆ.

ಸೊಟ್ಟಯ್ಯ ಹೊಟ್ಟೆನೋವೆಂದ, ಬೀಗರು ಪೆಟ್ಟಿಗೆಯಿಂದ ಮಾತ್ರೆ ತೆಗೆದುಕೊಟ್ಟರು. ಕೊನೆಗೆ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೊರಟ. ಹೆಂಡತಿಯ ರಗಳೆ ಬೇರೆ. ಮನೆಯಲ್ಲಿ ಮದುವೆಯ ಮಾತುಕತೆ ನಡೆದ ದಿನದಿಂದ ಬೆಳ್ಳಿ ಲೋಟ ಕಾಣೆಯಾಗಿತ್ತು. ಹಳೇ ಚಾಳಿ ಮನೆಯಲ್ಲೂ ಶುರುವಾಯಿತಾ ಎಂದು ಬಾಗಿಲವರೆಗೂ ಪಿಸುಗುಟ್ಟುತ್ತಾ ಬಂದಳು.

ಆ ದೃಶ್ಯ ಬಂದಾಗ ಸೊಟ್ಟಯ್ಯ ಉಸಿರು ಬಿಗಿಹಿಡಿದ. ನೋಡಿದರೆ ಅವನ ಕೈಯೇ ಇಲ್ಲ! ಯಾವನೋ ಹುಡುಗನ ನುಣುಪು ಕೈ, ಪಕ್ಕದ ಮನೆ ಬಾಗಿಲು ತಟ್ಟಿದ ಹಾಗೆ ತಿಜೋರಿಯನ್ನು ತಟ್ಟುತ್ತಿತ್ತು. ಬದುಕಿದೆಯಾ ಬಡಜೀವವೇ ಎಂದು ಸುಮ್ಮನಿರಬಾರದೇ ಪುಣ್ಯಾತ್ಮ? ಅವನಿಗೆ ಮೈಯೆಲ್ಲ ಉರಿದುಹೋಯಿತು.

"ಥೂ, ಹಾಗಲ್ಲ ಕಣೋ ತೆಗೆಯೋದು," ಎಂದುಬಿಟ್ಟ.

ಬೀಗರು ನಕ್ಕರು. "ಕಾವಲು ಕಾಯ್ದೋರು ನೀವು, ನಿಮಗೆಲ್ಲಿ ಗೊತ್ತಾಗ್ಬೇಕು ಬಿಡಿ."

ಆ ಒಂದು ಮಾತು ಅವನನ್ನು ಕಾಪಾಡಿತ್ತು. ಅವನಿಗೆ ಸಹಿಸಲಾಗದ್ದೂ ಅದೇ. ಬಟ್ಟೆ ಕಿತ್ತೆಸೆದು, ಬೀಗರ ತೊಡೆಯ ಮೇಲಿದ್ದ ಪೆಟ್ಟಿಗೆಯನ್ನು ಎಳೆದುಕೊಂಡು, ಅಂಗಿಗೆ ಚುಚ್ಚಿದ್ದ ಪಿನ್ನನ್ನು ಅದರ ಬೀಗದೊಳಗೆ ತೂರಿಸಿ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತೆಗೆದು ತೋರಿಸಿದ.

ಒಳಗೆ ಬೆಳ್ಳಿ ಲೋಟವಿತ್ತು. ಅದರ ಅಂಚಿನಲ್ಲಿ, ಹಲ್ಲು ಬರುವಾಗ ಮಗಳು ಕಚ್ಚಿದ ಗುರುತು.

ಬೀಗರು ಸೊಟ್ಟ ಹೆಬ್ಬೆರಳನ್ನು ನೋಡಿದರು, ಸೊಟ್ಟಯ್ಯ ಲೋಟವನ್ನು ನೋಡಿದ. ಬೀಗರು ಮೆಲ್ಲಗೆ ಮುಚ್ಚಳ ಹಾಕಿದರು.

"ಮಕ್ಕಳ ಮದುವೆ ಇದೆ. ಇಬ್ರೂ ಏನೂ ನೋಡಿಲ್ಲ ಅಂದ್ಕೊಳೋಣ. ಸಿನಿಮಾ ನೋಡಿ," ಎಂದರು.

ಮನೆಗೆ ಬಂದರೆ ಹೆಂಡತಿ ಹೊಸಿಲಲ್ಲೇ ನಿಂತಿದ್ದಳು. ಅವನು ಕದ್ದಿಲ್ಲವೆಂದಾದರೆ ನಾಳೆ ಬೀಗರ ಮನೆಗೇ ಹೋಗಿ ಲೋಟದ ವಿಷಯ ಕೇಳುವವಳಂತೆ.

ಪೊಲೀಸರ ಏಟಿಗೂ ಒಮ್ಮೆಯೂ ಬಾಯಿಬಿಡದಿದ್ದ ಸೊಟ್ಟಯ್ಯ ತಲೆ ತಗ್ಗಿಸಿದ.

"ನಾನೇ ಕದ್ದೆ ಕಣೇ," ಎಂದ.