ನನ್ನ ಅಪರೂಪದ ಕಾಯಿಲೆ ಮತ್ತು ಕಿಟಕಿ ಸೀಟಿನ ವಾರಸುದಾರ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನಾಳೆಯಿಂದ ನನಗೆ ಮುಂಬಯಿಯ ಲೋಕಲ್‌ನಲ್ಲಿ ನಿಲ್ಲಲೂ ಜಾಗ ಸಿಗದಿರಲಿ. ಇಂಥವೆಲ್ಲ ನನಗೇ ಯಾಕೆ ಆಗುತ್ತವೋ. ಊರಿಗೆಲ್ಲ ಶುಗರ್, ಬಿಪಿ. ನನಗೆ ಬಂದದ್ದು ಡಾಕ್ಟರರೇ ಕನ್ನಡಕ ಒರೆಸಿಕೊಂಡು ಓದಬೇಕಾದ ಕಾಯಿಲೆ.

೧. ಕೂತದ್ದೋ, ನಿಂತದ್ದೋ

ಠಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವುದು ನನ್ನ ಕೆಲಸ. ಕಲ್ಯಾಣದಿಂದ ಹೊರಡುವ ಎಂಟು ಹನ್ನೆರಡರ ಲೋಕಲ್‌ನಲ್ಲಿ ಕಿಟಕಿ ಸೀಟು ನನ್ನದು. ದಿನಾ ಒಂದೇ ಡಬ್ಬಿಯಲ್ಲಿ ಹೋಗುವ ನಮ್ಮ ಗ್ರೂಪಿನ ಕಾನೂನು ಹಾಗೆ: ಕಿಟಕಿ ಹಿರಿಯನಿಗೆ, ಅವನು ರಿಟೈರ್ ಆದರೆ, ಇಲ್ಲವೇ ಮೇಲೆ ಹೋದರೆ, ಪಕ್ಕದವನಿಗೆ. ನನ್ನ ಪಕ್ಕದವನು ವಿಮೆ ಕಚೇರಿಯ ಗುಮಾಸ್ತ. ಹನ್ನೊಂದು ವರ್ಷದಿಂದ ಕಾಯುತ್ತಿದ್ದಾನೆ. ನನ್ನ ಎರಡೂ ಮೊಣಕಾಲ ಕೆಳಗೆ ನೋವು ಶುರುವಾದಾಗ ಮೊದಲು ಗಮನಿಸಿದವನೂ ಅವನೇ.

"ಅಣ್ಣಾ, ಕುಂಟ್ತಾ ಇದ್ದೀರಲ್ಲ" ಎಂದ. ದನಿಯಲ್ಲಿ ದುಃಖ ಸ್ವಲ್ಪ ಕಮ್ಮಿಯೇ ಇತ್ತು.

ಡೊಂಬಿವಲಿಯ ಡಾಕ್ಟರು, "ಹೋಟೆಲಿನವರಲ್ವಾ, ನಿಂತು ನಿಂತು ಹೀಗಾಗಿದೆ" ಎಂದರು.

"ನಾನು ಕೂರುವವನು ಡಾಕ್ಟರೆ."

"ಹಾಗಾದ್ರೆ ಕೂತು ಕೂತು."

ಮಾತ್ರೆ ಮಾತ್ರ ಎರಡಕ್ಕೂ ಒಂದೇ.

೨. ಫ್ರಿಜ್ಜಿಗೆ ಸೇರದ ಮೂಳೆ

ಮಾತ್ರೆ ಹಿಡಿಯಲಿಲ್ಲ. ಇನ್ನೊಬ್ಬ ಡಾಕ್ಟರು ಎಕ್ಸ್‌ರೇ ನೋಡಿ, ಮೂಳೆಯ ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ಲ್ಯಾಬಿನವರು "ಸೋಂಕು ಇರಬಹುದು, ಡಾಕ್ಟರರು ತೀರ್ಮಾನಿಸಲಿ" ಎಂದು ಬರೆದರು. ಡಾಕ್ಟರು "ಲ್ಯಾಬಿನವರಿಗೇ ಗೊತ್ತಿಲ್ಲ ಅಂದ್ರೆ ನಾನೇನು ಹೇಳ್ಲಿ" ಎಂದರು. ಕೊನೆಗೆ ಮೇಣದಲ್ಲಿ ಹುದುಗಿಸಿದ ಆ ಚೂರನ್ನು ನನ್ನ ಕೈಗೇ ಕೊಟ್ಟು, ನೆರೂಳಿನ ದೊಡ್ಡ ಡಾಕ್ಟರರ ಹತ್ತಿರ ಹೋಗಿ ಅಂದರು.

ಏಪ್ರಿಲ್ ಸೆಕೆ. ಮೇಣ ಕರಗೀತೆಂದು ಫ್ರಿಜ್ಜಿನಲ್ಲಿಟ್ಟೆ. ಹೆಂಡತಿ ಅದನ್ನು ಇಕ್ಕಳದಲ್ಲಿ ಹಿಡಿದು ಹೊರಗೆ ತಂದಳು.

"ನಮ್ಮ ಮನೆ ಫ್ರಿಜ್ಜಲ್ಲಿ ಮೂಳೆ ಇಡೋ ಪದ್ಧತಿ ಇಲ್ಲ."

"ನನ್ನದೇ ಮೂಳೆ ಮಾರಾಯ್ತಿ."

"ಯಾರದ್ದಾದ್ರೂ ಆಗ್ಲಿ. ನೀವು ಇಡಿಯಾಗಿ ಬನ್ನಿ, ಬೇಡ ಅನ್ನಲ್ಲ. ಚೂರು ಚೂರಾಗಿ ದೋಸೆ ಹಿಟ್ಟಿನ ಪಕ್ಕ ಬೇಡ."

ಒದ್ದೆ ಟವೆಲ್ ಸುತ್ತಿ, ತಲೆದಿಂಬಿನ ಬದಿಗಿಟ್ಟುಕೊಂಡು ಮಲಗಿದೆ.

೩. ಕಸ ತಿನ್ನುವವರು

ನೆರೂಳಿನ ಡಾಕ್ಟರು ಸ್ಲೈಡು, ಸ್ಕ್ಯಾನು, ಎಕ್ಸ್‌ರೇ ಮೂರನ್ನೂ ಒಟ್ಟಿಗೆ ಹರಡಿಕೊಂಡು ನೋಡಿ ಹೇಳಿದರು: "ಮೈಯಲ್ಲಿ ಕಸ ತಿನ್ನುವ ಕಣಗಳಿರುತ್ತವೆ. ಹಿಸ್ಟಿಯೊಸೈಟ್ ಅಂತ. ನಿಮ್ಮಲ್ಲಿ ಅವು ಮಿತಿಮೀರಿ ಬೆಳೆದು ಮೂಳೆಯಲ್ಲಿ ಬೀಡುಬಿಟ್ಟಿವೆ. ಇದೊಂದು ಬಹಳ ಅಪರೂಪದ ಕ್ಯಾನ್ಸರ್."

"ನಮ್ಮ ಗಲ್ಲಿಗೆ ಕಸ ಎತ್ತಲು ಒಬ್ಬನೂ ಬರೋದಿಲ್ಲ ಡಾಕ್ಟರೆ, ನನ್ನ ಕಾಲಿಗೆ ಇಷ್ಟು ಜನವೇ?" ಎಂದೆ. ಆಮೇಲೆ ದನಿ ಸಣ್ಣದಾಯಿತು. "ಎಷ್ಟು ದಿನ ಇದೆ?"

"ಸುಳ್ಳು ಹೇಳಲಾರೆ, ಗೊತ್ತಿಲ್ಲ. ಹೃದಯ, ಮೆದುಳು ಮುಟ್ಟಿಲ್ಲ, ಅದು ಒಳ್ಳೆಯದು. ಜೀನ್ ಪರೀಕ್ಷೆ ಸರಿಹೊಂದಿದರೆ ಒಂದು ಗುಳಿಗೆ ಇದೆ. ಅದಕ್ಕೆ ಮೈ ಒಗ್ಗಿದರೆ ವರ್ಷಗಳೇ ಸಿಗಬಹುದು."

ಇನ್ನೊಬ್ಬರ ಮೇಲೆ ಹಾಕದೆ ಗೊತ್ತಿಲ್ಲ ಎಂದ ಮೊದಲ ಡಾಕ್ಟರು. ಅವರನ್ನೇ ನಂಬಿದೆ.

೪. ಏಳುವುದೋ, ಜರುಗುವುದೋ

ಗುಮಾಸ್ತ ಎಳನೀರು ಹಿಡಿದು ಮನೆಗೆ ಬಂದ.

"ಎಷ್ಟು ಅಂದ್ರು ಅಣ್ಣಾ?"

"ಗೊತ್ತಿಲ್ಲ ಅಂದ್ರು."

"ಅದ್ಹೇಗೆ? ನಮ್ಮ ಆಫೀಸಲ್ಲಿ ಎಲ್ಲದಕ್ಕೂ ಕೋಷ್ಟಕ ಇದೆ." ಮೊಬೈಲಿನಲ್ಲಿ ಹುಡುಕಿದ. ನನ್ನ ಕಾಯಿಲೆ ಕೋಷ್ಟಕದಲ್ಲೂ ಇರಲಿಲ್ಲ. "ಆರು ತಿಂಗಳು ಅಂತಿಟ್ಕೊಳ್ಳೋಣ" ಎಂದ, ತರಕಾರಿ ಚೌಕಾಸಿ ಮಾಡಿದ ಹಾಗೆ.

"ಮೊನ್ನೆಯಷ್ಟೇ ವರ್ಷದ ಪಾಸ್ ಮಾಡಿಸಿದ್ದೇನೆ. ರೈಲ್ವೆಗೆ ಆರು ತಿಂಗಳು ದಾನ ಮಾಡೋ ಮನುಷ್ಯ ನಾನಲ್ಲ."

ಮರುದಿನವೇ ಅವನು ಕಿಟಕಿಯಲ್ಲಿ ಕೂತು ಗ್ರೂಪಿಗೆಲ್ಲ ಪೇಡ ಹಂಚಿದನಂತೆ. ನನಗೆ ಪೇಡದ ಫೋಟೋ ಬಂತು.

ಪರೀಕ್ಷೆ ಹೊಂದಿತು, ಗುಳಿಗೆ ನುಂಗಿದೆ. ಏಳನೆಯ ತಿಂಗಳ ಸ್ಕ್ಯಾನಿನಲ್ಲಿ, ಮೊದಲ ಸಲ ಝಗಝಗಿಸಿದ್ದ ನನ್ನ ಕಾಲಿನ ದೀಪಾವಳಿ ಮುಕ್ಕಾಲು ಆರಿತ್ತು. ಮರುದಿನ ಕಲ್ಯಾಣ ಸ್ಟೇಷನ್ನಿನಲ್ಲಿ ನಿಂತೆ. ಎಂಟು ಹನ್ನೆರಡರ ಗಾಡಿ ಸರಿಯಾಗಿ ಎಂಟು ಹನ್ನೆರಡಕ್ಕೆ ಹೊರಟಿತು. ನಾನು ಒಳಗಿದ್ದೆ. ಗುಮಾಸ್ತ ಕಿಟಕಿಯಲ್ಲಿ ಗಾಳಿ ತಿನ್ನುತ್ತಿದ್ದ. ನನ್ನನ್ನು ಕಂಡು ಮುಖ ಬಿಳಿಚಿತು.

"ಅಣ್ಣಾ, ಈಗ ಎಷ್ಟು ಅಂತಾರೆ ಡಾಕ್ಟರು?"

"ಈಗಲೂ ಗೊತ್ತಿಲ್ಲ ಅಂತಾರೆ."

ಪತ್ರೀಪೂಲ್ ಸೇತುವೆ ದಾಟುವವರೆಗೂ ಯೋಚಿಸಿದ. "ಹಾಗಾದ್ರೆ ನಾನು ಪೂರ್ತಿ ಏಳ್ಬೇಕಾ, ಇಲ್ಲ ಸದ್ಯಕ್ಕೆ ಜರುಗಿದ್ರೆ ಸಾಕಾ?"

"ಮೊದಲು ಏಳು. ಆಮೇಲೆ ಪೇಡ ತಿನ್ನು" ಎಂದು ನಾನು ತಂದಿದ್ದ ಪೇಡದ ಡಬ್ಬಿ ಅವನ ಕೈಗಿಟ್ಟು ಕಿಟಕಿಗೆ ಕೂತೆ.

ಇದೆಲ್ಲ ಅಪ್ಪಟ ನಿಜ. ಒಂದು ಸಣ್ಣ ವಿವರ ಮಾತ್ರ ನಾನೇ ಸೇರಿಸಿದ್ದು: ಗಾಡಿ ಸರಿಯಾಗಿ ಎಂಟು ಹನ್ನೆರಡಕ್ಕೆ ಹೊರಟದ್ದು.