ಹದಿನಾಲ್ಕು ಗಂಟೆಯ ಮೊಸರು

ಮನೆಯಲ್ಲಿ ತಮ್ಮ ವಿದ್ಯೆಗೆ ಮೂರುಕಾಸಿನ ಬೆಲೆಯಿಲ್ಲ ಎಂಬುದು ಕೊನ್ನಗರದ ಭವತೋಷ ಲಾಹಿರಿಯವರ ಹಳೆಯ ದೂರು. ಮೂವತ್ತನಾಲ್ಕು ವರ್ಷ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದ ಈ ಮಹಾಪಂಡಿತರಿಗೆ ಹೆಂಡತಿ ಮಣಿಮಾಲಾ ಒಪ್ಪಿಸಿದ್ದ ಏಕೈಕ ಲೆಕ್ಕವೆಂದರೆ ಕುಕ್ಕರಿನ ಸೀಟಿ ಎಣಿಸುವುದು. (ಅದರಲ್ಲೂ ಎರಡು ಸಲ ತಪ್ಪಿದ್ದರು.)

ಅಳಿಯನನ್ನು ಕರೆದು ಉಪಚರಿಸುವ ಜಾಮಾಯಿ ಷಷ್ಠಿ ಹತ್ತಿರ ಬಂದಾಗ ಅವರಿಗೆ ಅವಕಾಶ ಒದಗಿತು. ಮದುವೆಯಾದ ಮೇಲೆ ಅಳಿಯ ಶುಭ್ರಾಂಶು ಅತ್ತೆಯ ಕೈಯೂಟಕ್ಕೆ ಬರುವ ಮೊದಲ ಹಬ್ಬ ಅದು. ಅವನ ಮನೆಯವರೋ, ಸಿಹಿಮೊಸರನ್ನು ಒಂದು ಚಮಚ ಬಾಯಿಗಿಟ್ಟು ಬೀಗರ ಯೋಗ್ಯತೆ ಅಳೆಯುವ ಜನ. ಮೊಸರು ಕೆಟ್ಟರೆ ಮಾನ ಹೋಯಿತೆಂದು ಮಣಿಮಾಲಾ ಹತ್ತು ದಿನದಿಂದ ಚಡಪಡಿಸುತ್ತಿದ್ದಳು. ಭವತೋಷರು ಅಭಯಹಸ್ತ ತೋರಿದರು.

ನಾಲ್ಕರಿಂದ ಹದಿನಾಲ್ಕು ಗಂಟೆಯವರೆಗೆ ಬೇರೆ ಬೇರೆ ಹೊತ್ತು ಹೆಪ್ಪುಗಟ್ಟಿಸಿದ ಹನ್ನೊಂದು ಕುಡಿಕೆಗಳು ಸಾಲಾಗಿ ಕೂತವು. ಮಣಿಮಾಲಾ ರುಚಿ ನೋಡಿ ಒಂದೊಂದಕ್ಕೂ ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟಳು. ಆ ಅಂಕಗಳ ನಡುವೆ ಭವತೋಷರು ಕಂಪ್ಯೂಟರಿನಲ್ಲಿ ಒಂದು ಅಂದವಾದ ವಕ್ರರೇಖೆ ಹಾಯಿಸಿ, ಅದರ ಶಿಖರ ಹುಡುಕಲು ತಂತ್ರಾಂಶಕ್ಕೆ ಆಜ್ಞಾಪಿಸಿದರು. ಕ್ಷಣದಲ್ಲಿ ಉತ್ತರ ಬಂತು: ಸರಿಯಾಗಿ ಹದಿನಾಲ್ಕು ಗಂಟೆ.

"ರೀ, ಹದಿನಾಲ್ಕರದ್ದಕ್ಕೆ ನಾನು ಎರಡು ಅಂಕ ಕೊಟ್ಟಿದ್ದೆ. ಹುಳಿ ಅಂದ್ರೆ ಹುಳಿ," ಎಂದಳು ಮಣಿಮಾಲಾ.

"ನಿನ್ನ ನಾಲಿಗೆ ತಪ್ಪಬಹುದು ಕಣೇ, ರೇಖೆ ತಪ್ಪಲ್ಲ."

ಮಣಿಮಾಲಾ ವಾದಿಸಲಿಲ್ಲ. (ಅವಳು ವಾದಿಸದ ದಿನ ಹೆದರಬೇಕೆಂಬುದು ಮೂವತ್ತು ವರ್ಷದ ಸಂಸಾರದಲ್ಲಿ ಅವರಿಗೆ ಗೊತ್ತಾಗಬೇಕಿತ್ತು.)

ಹಬ್ಬದ ದಿನ ಜ್ಯೇಷ್ಠದ ಬಿಸಿಲಿಗೆ, ಹದಿನಾಲ್ಕು ಗಂಟೆ ಹೆಪ್ಪಿಟ್ಟ ದೊಡ್ಡ ಮಡಕೆಯ ಮೊಸರು ಹುಳಿತು ನಾರುತ್ತಿತ್ತು. ಅಳಿಯ ಪೂರಿಯಂಥ ಲೂಚಿ ಮುರಿಯುತ್ತಿದ್ದಾಗ ಭವತೋಷರು ಬೆವರುತ್ತ ಕಂಪ್ಯೂಟರಿನ ಮುಂದೆ ಕೂತು ತಪ್ಪನ್ನು ಹಿಡಿದರು. ಆ ತಂತ್ರಾಂಶಕ್ಕೆ ಕೆಳಗಿಳಿದು ರೇಖೆಯ ತಳ ಹುಡುಕುವುದು ಮಾತ್ರ ಗೊತ್ತು. ಶಿಖರ ಬೇಕಾದವರು ರೇಖೆಯ ಮುಂದೆ ಮೈನಸ್ ಎಂಬ ಕಳೆಯುವ ಗೀಟೊಂದನ್ನು ಹಾಕಿ, ಅದನ್ನು ತಲೆಕೆಳಗು ಮಾಡಿ ಕೊಡಬೇಕು. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದ ಆ ಗೀಟನ್ನೇ ಅವರು ಮರೆತಿದ್ದರು. ಅತ್ಯಂತ ಕೆಟ್ಟ ಮೊಸರನ್ನು ಶಾಸ್ತ್ರೋಕ್ತವಾಗಿ ಕಂಡುಹಿಡಿದಿದ್ದರು! ಗೀಟು ಹಾಕಿದರೆ ಬಂದದ್ದು ಎಂಟು ಗಂಟೆ.

ಮಾನ ಹೋಯಿತೆಂದುಕೊಂಡು ಅವರು ಊಟದ ಮನೆಗೆ ಓಡಿದರೆ, ಅಳಿಯನ ಮುಂದೆ ಸುಟ್ಟ ಸಕ್ಕರೆಯಿಂದ ಕೆಂಪಾದ ಗಟ್ಟಿ ಮೊಸರಿನ ಕುಡಿಕೆಯೊಂದು ಖಾಲಿಯಾಗಿತ್ತು. ನಸುಕಿಗೇ ಎದ್ದು ಮಣಿಮಾಲಾ ಬೇರೆ ಹೆಪ್ಪು ಹಾಕಿಟ್ಟಿದ್ದಳು. ಭವತೋಷರು ಬೆರಳು ಮಡಚಿ ಎಣಿಸಿದರು, ನಸುಕಿನ ನಾಲ್ಕರಿಂದ ನಡುಹಗಲಿಗೆ ಸರಿಯಾಗಿ ಎಂಟು.

ಅವರು ಹೆಂಡತಿಯ ಮುಂದೆ ತಲೆತಗ್ಗಿಸಿ ಗೀಟಿನ ಕಥೆ ಒಪ್ಪಿಸಿದರು. ಅಷ್ಟರಲ್ಲಿ ಶುಭ್ರಾಂಶು ಲೋಟ ಮುಂದೆ ಚಾಚಿದ. "ಮಾ, ಈ ಘೋಲ್ ಇನ್ನೊಂದು ಲೋಟ ಇದೆಯಾ? ಇಂಥದ್ದು ನಮ್ಮನೇಲೂ ಕುಡಿದಿಲ್ಲ." ಅದು ಅವನ ಮೂರನೆಯ ಲೋಟ. ಹದಿನಾಲ್ಕು ಗಂಟೆಯ ಮೊಸರಿಗೆ ಕಪ್ಪುಪ್ಪು, ಗಂಧರಾಜ ನಿಂಬೆ ಬೆರೆಸಿ ಮಣಿಮಾಲಾ ಮಜ್ಜಿಗೆ ಕಡೆದಿದ್ದಳು.

ಅವಳು ಲೋಟ ತುಂಬಿಸುತ್ತ ಗಂಡನ ಕಡೆ ನೋಡಿ ನಕ್ಕಳು. "ಮುಂದಿನ ವರ್ಷವೂ ಲೆಕ್ಕ ಹಾಕಿ. ಆ ಗೀಟು ಮಾತ್ರ ಮರೆತುಬಿಡಿ."