ಉದ್ರೇಕ ಕೂಡದು

ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಬೆಳಗಿನಿಂದ ಸಂಜೆಯವರೆಗೆ ಕಂಡವರ ಅಲ್ಪಪ್ರಾಣಗಳನ್ನು ಮಹಾಪ್ರಾಣ ಮಾಡಿ ಮನೆಗೆ ಬಂದರೆ, ಅಲ್ಲಿ ನನ್ನ ಪ್ರಾಣವೇ ಅಲ್ಪ. ನನ್ನ ಹೆಂಡತಿಯ ಬೈಗುಳದಲ್ಲಿ ಅಲ್ಪವಿರಾಮಗಳುಂಟು, ಪೂರ್ಣವಿರಾಮ ನಾನಿನ್ನೂ ಕಂಡಿಲ್ಲ. (ಕಂಡಿದ್ದೇನೆ, ಅವಳು ನೀರು ಕುಡಿಯುವಾಗ.)

ಹೀಗಿರಲು ಒಂದು ದಿನ ನನಗೆ ತಲೆ ಸುತ್ತಿತು. ಗಂಡ ಹೆಂಡತಿ ಇಬ್ಬರೂ ಡಾಕ್ಟರಮ್ಮನ ಹತ್ತಿರ ಹೋದೆವು. ಅವರಿಗೆ ಅಚ್ಚಕನ್ನಡದ ಹುಚ್ಚು. "ಟೆನ್ಷನ್" ಅಂದ ರೋಗಿಗೆ ಮೊದಲು ಮಾತು ತಿದ್ದಿ ಆಮೇಲೆ ಮಾತ್ರೆ ಕೊಡುತ್ತಾರೆ. ನನ್ನ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. ಬಂದದ್ದು ಬಂದಿದ್ದೀರಿ ಎಂದು ಅವಳದನ್ನೂ ನೋಡಿ, "ಅಡುಗೆಗೆ ಉಪ್ಪು ಕಡಿಮೆ ಮಾಡಿ" ಎಂದು ಅವಳಿಗೆ ಹೇಳಿದರು. ಅವಳು ಚಪ್ಪಲಿ ಹುಡುಕಲು ಹೊರಗೆ ಹೋದಾಗ ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದರು.

"ರಕ್ತದೊತ್ತಡ ಸ್ವಲ್ಪ ಏರಿದೆ. ಮನೆಯಲ್ಲಿ ಯಾವ ಉದ್ರೇಕವೂ ಆಗದಂತೆ ನೋಡಿಕೊಳ್ಳಿ. ಮುಂದಿನ ವಾರ ಇಬ್ಬರೂ ಬನ್ನಿ."

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮನೆ ತಲುಪಿದ್ದೇ ತಡ, ಹೆಂಡತಿ, ಮಗಳು, ನಮ್ಮಲ್ಲಿಗೆ ಬಂದು ಉಳಿದಿದ್ದ ಅತ್ತೆ, ಮೂವರನ್ನೂ ಕೂಡಿಸಿ ಡಾಕ್ಟರಮ್ಮನ ಅಪ್ಪಣೆಯನ್ನು ರಾಜಶಾಸನದಂತೆ ಸಾರಿದೆ.

"ಉದ್ರೇಕ ಅಂದ್ರೆ ಏನಪ್ಪಾ?" ಎಂದಳು ಮಗಳು.

"ಮನಸ್ಸು, ಮೈ ಎರಡೂ ಉಕ್ಕೋದಮ್ಮ. ಈಗ ಕೋಪೋದ್ರೇಕ ತಗೋ. ನಿಮ್ಮಮ್ಮ ನನ್ನ ಮೇಲೆ ರೇಗಿದ್ರೆ ನನಗೂ ಕೋಪ ಬರುತ್ತೆ, ಒತ್ತಡ ಏರುತ್ತೆ. ಇನ್ನು ಮೇಲೆ ರೇಗೋ ಹಾಗಿಲ್ಲ."

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಶಬ್ದ ಸಿಕ್ಕರೆ ನನಗೆ ಬಾಯಿ ನಿಲ್ಲುವುದಿಲ್ಲ. "ಆನಂದ ಉಕ್ಕಿದ್ರೆ ಆನಂದೋದ್ರೇಕ, ದುಃಖ ಉಕ್ಕಿದ್ರೆ ದುಃಖೋದ್ರೇಕ, ಅದೇ ರೀತಿ..." ಎನ್ನುವಷ್ಟರಲ್ಲಿ ಅತ್ತೆಯ ಮುಖ ಕಂಡು ಮಿಕ್ಕಿದ್ದನ್ನು ನುಂಗಿದೆ. ಅವರು ವಾರಪತ್ರಿಕೆಯ ಧಾರಾವಾಹಿಗಳನ್ನು ಒಂದೂ ಬಿಡದೆ ಓದುವವರು. ಧಾರಾವಾಹಿಯಲ್ಲಿ ಉದ್ರೇಕಕ್ಕೆ ಇರುವುದು ಒಂದೇ ಅರ್ಥ, ಅದೂ ಪುಟದ ಕೊನೆಯಲ್ಲಿ ಬರುತ್ತದೆ.

ಮೊದಮೊದಲು ಸ್ವರ್ಗ. ಗಾಜಿನ ಜಾಡಿ ಕೈಜಾರಿ ಚೂರಾದರೆ, "ಹೋಗ್ಲಿ ಬಿಡಿ, ಕಾಲು ಜೋಪಾನ" ಅಂದಳು ಹೆಂಡತಿ! ನಾನು ಒಂದು ಲೋಟವನ್ನೂ ಒಡೆದು ನೋಡಿದೆ. ಅದಕ್ಕೂ ಅದೇ ಉತ್ತರ.

ಆಮೇಲೆ ನಾನು ಹೇಳಿಕೊಟ್ಟ ಅರ್ಥಗಳು ಒಂದೊಂದಾಗಿ ನನ್ನ ಕುತ್ತಿಗೆಗೇ ಬಂದವು. ಫುಟ್‌ಬಾಲ್ ಫೈನಲ್ ನೋಡಲು ಕೂತರೆ ಮಗಳು ಟಿವಿ ಆರಿಸಿದಳು.

"ಗೆದ್ರೆ ಆನಂದೋದ್ರೇಕ ಅಪ್ಪಾ."

"ಸೋತ್ರೆ?"

"ದುಃಖೋದ್ರೇಕ."

ಕರಿದದ್ದು ನಾಲಿಗೆಯನ್ನು ಉದ್ರೇಕಿಸುತ್ತದೆಂದು ಅದೂ ನಿಂತಿತು. ನಗೆಚಟಾಕಿ ಹಾರಿಸುವ ನನ್ನ ಕ್ಷೌರಿಕ ಗೆಳೆಯನನ್ನು ಗೇಟಿನಿಂದಲೇ ಸಾಗಹಾಕಿದರು. ಕಡೆಯ ಪೆಟ್ಟು ಅತ್ತೆಯದು. ಮಗಳ ಕೋಣೆಯಲ್ಲಿದ್ದ ತಮ್ಮ ಹಾಸಿಗೆಯನ್ನು ಸುತ್ತಿ ತಂದು ನಮ್ಮ ಕೋಣೆಯಲ್ಲಿ ಹಾಸಿದರು.

"ಅಳಿಯಂದ್ರು ಸ್ವಲ್ಪ ದಿನ ಹಾಲ್‌ನಲ್ಲಿ ಮಲಗ್ಲಿ. ಡಾಕ್ಟರು ಹೇಳಿದ ಮೇಲೆ ಮುಗೀತು."

"ಅತ್ತೆ, ಅವರು ಹೇಳಿದ್ದು ಆ ಅರ್ಥದಲ್ಲಿ ಅಲ್ಲ!"

"ಯಾವ ಅರ್ಥದಲ್ಲಿ ಅಲ್ಲಪ್ಪಾ?" ಎಂದಳು ಮಗಳು, ಕಣ್ಣರಳಿಸಿ.

ನಾನು ದಿಂಬು ಎತ್ತಿಕೊಂಡು ಹಾಲ್‌ಗೆ ಹೋದೆ.

ಸೋಫಾ ನನಗಿಂತ ಗಿಡ್ಡ. ತಲೆ ಒಳಗಿಟ್ಟರೆ ಕಾಲು ಹೊರಗೆ. ಆದರೆ ನಿಜವಾದ ಸಂಕಟ ಅದಲ್ಲ. ಹಗಲೆಲ್ಲ ಬೈಯುವ ನನ್ನ ಹೆಂಡತಿ ದೀಪ ಆರಿಸಿದ ಮೇಲೆ ಬೇರೆಯೇ ಹೆಂಗಸು. ತನ್ನ ಹೊಲಿಗೆ ಅಂಗಡಿಗೆ ಬಂದವರ ಮಾತು, ನಡಿಗೆ ಎಲ್ಲ ಅಣಕಿಸಿ ನನ್ನನ್ನು ನಗಿಸಿ ನಗಿಸಿ ಮಲಗಿಸುತ್ತಾಳೆ. ಆ ನಗು ಹೋಯಿತು. ಹಗಲಿನ ಬೈಗುಳವೂ ಹೋಯಿತು. ಬೈಯದ ಹೆಂಡತಿ, ಉಪ್ಪಿಲ್ಲದ ಅಡುಗೆ, ಎರಡೂ ನನ್ನ ಪಾಲಿಗೆ ಒಟ್ಟಿಗೇ ಬಂದಿದ್ದವು. ನನಗೆ ಅಳುವಷ್ಟು ಬೇಜಾರಾಯಿತು. (ಅಳುವಂತಿಲ್ಲ, ದುಃಖೋದ್ರೇಕ.)

ವಾರ ಆಗುತ್ತಲೇ ಅವಳನ್ನು ಕರೆದುಕೊಂಡು ಡಾಕ್ಟರಮ್ಮನ ಹತ್ತಿರ ಓಡಿದೆ.

"ಡಾಕ್ಟರೇ, ಕೈ ಮುಗೀತೀನಿ. ಆ ಉದ್ರೇಕದ ಒಂದೆರಡು ಅರ್ಥಕ್ಕಾದರೂ ವಿನಾಯಿತಿ ಕೊಡಿ!"

ಅವರು ಇಬ್ಬರ ತೋಳಿಗೂ ಪಟ್ಟಿ ಸುತ್ತಿ ನೋಡಿದರು.

"ನಿಮಗೇನ್ರೀ ಆಗಿದೆ? ಅವತ್ತು ಹಸಿದ ಹೊಟ್ಟೆಗೆ ತಲೆ ಸುತ್ತಿತ್ತು, ಅಷ್ಟೆ. ಒತ್ತಡ ಏರಿದ್ದು ನಿಮ್ಮ ಮನೆಯವರದು. ಅವರನ್ನು ರೇಗಿಸಬೇಡಿ ಅಂತ ತಾನೆ ನಾನು ಹೇಳಿದ್ದು?"

"ಯಾರಿಗೆ ಅಂತ ನೀವು ಹೇಳಲೇ ಇಲ್ಲ..."

"ನೀವು ಕೇಳಲೇ ಇಲ್ಲ."

ಯಾರಿಗೆ ಎಂಬುದೇ ಇಲ್ಲದ ವಾಕ್ಯ ಕರಡಿನಲ್ಲಿ ಬಂದಿದ್ದರೆ ಅಂಚಿನಲ್ಲಿ ಕೆಂಪು ಶಾಯಿಯಿಂದ ಪ್ರಶ್ನೆಚಿಹ್ನೆ ಹಾಕುತ್ತಿದ್ದೆ. ಇದನ್ನು ಮಾತ್ರ ಕಣ್ಣುಮುಚ್ಚಿ ನನ್ನದು ಮಾಡಿಕೊಂಡಿದ್ದೆ. ನಾನು ನಾಚಿ ನೆಲ ನೋಡಿದೆ.

"ಈಗ ಅವರದು ಇಳಿದಿದೆ," ಎಂದರು ಡಾಕ್ಟರಮ್ಮ. "ವಾರವಿಡೀ ಕೋಪ ಮಾಡಿಕೊಂಡಿಲ್ಲ ಅನ್ನಿಸುತ್ತೆ. ಹೀಗೇ ಮುಂದುವರಿಸಿ."

ದಾರಿಯುದ್ದಕ್ಕೂ ಹೆಂಡತಿ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ನಾನು ಮಾತ್ರ ಒಳಗೊಳಗೇ ಹಿಗ್ಗುತ್ತಿದ್ದೆ. ಬೈಸಿಕೊಂಡರೂ ಸರಿ, ಸೋಫಾ ತಪ್ಪಿತಲ್ಲ! ಮನೆಗೆ ಬಂದವನೇ ಅತ್ತೆಗೆ ವಿಷಯ ಒಪ್ಪಿಸಿದೆ. ಅವರೂ ಪಾಪ, "ಸದ್ಯ, ಅಳಿಯಂದ್ರಿಗೆ ಏನೂ ಇಲ್ವಲ್ಲ" ಎಂದು ಹಾಸಿಗೆ ಸುತ್ತತೊಡಗಿದರು.

"ಅಮ್ಮಾ, ಹಾಸಿಗೆ ಅಲ್ಲೇ ಇರ್ಲಿ," ಎಂದಳು ಹೆಂಡತಿ.

"ಯಾಕೆ? ನನಗೇನೂ ಇಲ್ಲ ಅಂತ ಅವರೇ ಹೇಳಿದ್ರಲ್ಲ!" ಎಂದೆ.

"ನನಗಿದೆಯಲ್ಲ! ನೀವು ಪಕ್ಕದಲ್ಲಿ ಮಲಗಿ ಗೊರಕೆ ಹೊಡೀತಿದ್ರೆ ನನಗೆ ಉದ್ರೇಕ ಆಗುತ್ತೆ."

ಅತ್ತೆ ಎರಡೂ ಕೈಯಿಂದ ಮೊಮ್ಮಗಳ ಕಿವಿ ಮುಚ್ಚಿದರು.

"ಅಯ್ಯೋ, ಕೋಪದ್ದಮ್ಮಾ, ಕೋಪದ್ದು!"